ಕುಣಿಗಲ್ಲಿನ ಮನೆಯ ತಾಮ್ರದ ತಗಡು

ಶಿರಾ ಗೇಟ್‌ನಲ್ಲಿ ಹಾಸಿಗೆ ಅಂಗಡಿ ಇಟ್ಟುಕೊಂಡು ತನ್ನ ಪಾಡಿಗೆ ತಾನಿದ್ದ ಸೈಫುಲ್ಲಾನನ್ನು ಜನ ಬಿಟ್ಟರೆ ತಾನೆ! ಅವನ ಅಪ್ಪ ಗುಬ್ಬಿಯಲ್ಲಿ ಮಾಟ ತೆಗೆಯುತ್ತಿದ್ದವರು. ಅವರು ಸತ್ತು ಎಷ್ಟೋ ವರ್ಷವಾದರೂ ಅಂಗಡಿ ಮುಂದೆ ಕಾರು ನಿಲ್ಲಿಸಿ, "ನಿಮ್ಮಪ್ಪನ ಕೈಗುಣ ನಿಮ್ಗೂ ಬಂದಿರತ್ತೆ, ಬನ್ನಿ ಸಾಬ್ರೇ" ಅನ್ನುವವರಿಗೇನೂ ಬರವಿರಲಿಲ್ಲ. ಕೈಗುಣವಂತೆ ಕೈಗುಣ! ಅಕ್ಷರ ಕೊರೆದ ತಾಮ್ರದ ತಗಡನ್ನು ಅಪ್ಪ ಅಂಗಿ ತೋಳಿನೊಳಗೆ ಇಟ್ಟುಕೊಂಡೇ ಹೋಗುತ್ತಿದ್ದರು. ಅಗೆದ ಮಣ್ಣಿಗೆ ಜಾರಿಸಿ, ಅಲ್ಲಿಂದಲೇ ಎತ್ತಿ ತೋರಿಸುತ್ತಿದ್ದರು. ಮಾಡಿಸಿದವರು ಯಾರು ಅಂತ ಕೇಳಿದರೆ ಆ ಮನೆಗೆ ಆಗದ, ಸತ್ತುಹೋದ ಯಾರದಾದರೂ ಹೆಸರು ಹೇಳುತ್ತಿದ್ದರು. ಸತ್ತವರ ಜುಟ್ಟು ಹಿಡಿಯಲು ಯಾರಿಂದಾಗುತ್ತದೆ? ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಸೈಫುಲ್ಲಾನಿಗೆ ಇದೆಲ್ಲ ಸಾಕುಸಾಕಾಗಿತ್ತು. ಒಮ್ಮೆ ದೇವರಾಯನದುರ್ಗದ ಕಡೆಯ ಮನೆಯೊಂದರಲ್ಲಿ, ಇಲ್ಲೇನೂ ಇಲ್ಲ ಅಂತ ನಿಜ ಹೇಳಿ ಬಂದಿದ್ದ. ಅವರು ಮಾರನೇ ದಿನವೇ ಇನ್ನೊಬ್ಬನನ್ನು ಕರೆಸಿದರು. ಅವನು ಸೊಸೆಯ ಹೆಸರು ಹೇಳಿದ, ಅವಳನ್ನು ಹೊಡೆದು ಹೊರಗೆ ಹಾಕಿದರು. ಆಮೇಲಿಂದ ಯಾರು ಕರೆದರೂ ಅಪ್ಪ ಬಿಟ್ಟುಹೋದ ತಗಡೊಂದನ್ನು ತೋಳಿಗೆ ಸೇರಿಸಿ, ಬೈದುಕೊಂಡೇ ಹೋಗುತ್ತಿದ್ದ.

ಈ ಸಲ ಕುಣಿಗಲ್ಲು. ಕರೆಸಿದ್ದು ಕೌಸಲ್ಯಮ್ಮ, ಹಿಂದೊಮ್ಮೆ ಅಪ್ಪನನ್ನೂ ಕರೆಸಿದ್ದವರು. ಮಗ ಗುರುಪ್ರಸಾದ್ ಮದುವೆಯಾದಾಗಿನಿಂದ ಸೊರಗುತ್ತಿದ್ದ. ಡಾಕ್ಟರು ಕೊಟ್ಟ ಮಾತ್ರೆ ಡಬ್ಬಿಯಲ್ಲೇ ಇತ್ತು. ಸೊಸೆ ಅಪರ್ಣ ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳ ಸೂಟ್‌ಕೇಸ್ ಆಗಲೇ ಬಾಗಿಲಿಗೆ ಬಂದಿತ್ತು.

"ಹೊಸಿಲ ಹತ್ರಾನೇ ಅಗೀರಿ ಸಾಬ್ರೇ. ಇವ್ಳೇ ಹೂತಿರೋದು. ಸಿಕ್ಕಿದ ತಕ್ಷಣ ಬಸ್ ಹತ್ತಿಸ್ತೀನಿ," ಅಂದರು ಕೌಸಲ್ಯಮ್ಮ.

"ಅತ್ತೆ, ನಾನೇನೂ ಮಾಡಿಲ್ಲ," ಅಂದಳು ಅಪರ್ಣ. ಎಷ್ಟು ಸಲ ಹೇಳಿದ್ದಳೋ, ದನಿಯಲ್ಲಿ ಜೀವವೇ ಇರಲಿಲ್ಲ. ಗಂಡ ನೆಲ ನೋಡುತ್ತ ಕೂತಿದ್ದ, ಪುಣ್ಯಾತ್ಮ.

ಸೈಫುಲ್ಲಾ ಸೊಂಟ ಹಿಡಿದುಕೊಂಡು ಅಗೆದ. ತಗಡು ಜಾರಿಸಿದ, ಎತ್ತಿದ. ಕೌಸಲ್ಯಮ್ಮ ಕಿಟಾರನೆ ಕಿರುಚಿದರು.

"ಇದು ಹಳೇದು ಕಣಮ್ಮ, ನಿಮ್ ಸೊಸೆ ಬರೋಕ್ ಮುಂಚಿಂದು. ಮಾಡ್ಸಿದೋರು ಸತ್ತೋಗವ್ರೆ. ನಿಮ್ಗೆ ಆಗದೋರು ಯಾರಾದ್ರೂ..."

"ನಮ್ಮಲ್ಲಿ ಸತ್ತೋರೆಲ್ಲ ದೇವ್ರಂಥೋರು. ಇವಳ್ನ ಉಳ್ಸೋಕೆ ನೋಡ್ಬೇಡಿ. ಹೆಸ್ರು ಹೇಳಿ!" ಅವರ ಕೈ ಸೂಟ್‌ಕೇಸಿನ ಹಿಡಿಯ ಮೇಲಿತ್ತು.

ಸೈಫುಲ್ಲಾ ಯೋಚಿಸಿದ. ಈ ಮನೆಗೆ ಕಾಲಿಟ್ಟ ಸತ್ತವರಲ್ಲಿ ಅವನಿಗೆ ಗೊತ್ತಿದ್ದದ್ದು ಒಬ್ಬರೇ.

"ನಮ್ಮಪ್ಪ," ಅಂದ. "ಅಕ್ಷರ ಅವ್ರದೇ, ನಂಗೆ ಗುರುತು ಸಿಗಲ್ವಾ? ಅವತ್ತು ಬಂದಾಗ ಹೂತವ್ರೆ. ಮಾಡ್ಸಿದ್ಯಾರು ಅನ್ನೋದು ಅವ್ರ ಜೊತೇಲೇ ಹೋಯ್ತು. ತೆಗ್ದಾಯ್ತಲ್ಲ, ಇನ್ಮೇಲೆ ಮಾತ್ರೆ ನಾಟತ್ತೆ, ನುಂಗ್ಸಿ."

"ಆ ಮನುಷ್ಯನಾ? ಇಲ್ಲೇ ಕೂತು ಕಾಫಿ ಕುಡ್ದಿದ್ನಲ್ಲ! ಥೂ, ಅವ್ನ ಗೋರಿಗೆ ಹುಳ ಬೀಳ!"

ಸೈಫುಲ್ಲಾ ಅಗೆದ ಗುಂಡಿಗೆ ಮಣ್ಣು ಎಳೆಯತೊಡಗಿದ. ಅಪ್ಪ ಸುಳ್ಳು ಹೇಳಿರಬಹುದು, ಆದರೆ ಯಾರ ಮನೆಗೂ ಕೇಡು ಬಗೆದವರಲ್ಲ. ಅದನ್ನು ಹೇಳಿದರೆ ಅಪರ್ಣ ಬಸ್ ಹತ್ತಬೇಕಾಗುತ್ತಿತ್ತು.

ಗುರುಪ್ರಸಾದ್ ಎದ್ದು ಸೂಟ್‌ಕೇಸನ್ನು ಒಳಗೆ ತೆಗೆದುಕೊಂಡು ಹೋದ. ಸೈಫುಲ್ಲಾ ಒಂದು ಲೋಟ ನೀರು ಕೇಳಿದ. ಅಪರ್ಣ ತರಲು ತಿರುಗಿದಳು.

ಕೌಸಲ್ಯಮ್ಮ ಅವಳ ಕೈ ಹಿಡಿದರು. "ಆ ವಂಶಕ್ಕೆ ನಮ್ಮನೆ ನೀರು ಕೊಡ್ಬೇಡ. ನೀ ಒಳಗೆ ಬಾ ಮಗಳೇ."

ಅಪರ್ಣ ಅವನನ್ನೊಮ್ಮೆ ಅಸಹ್ಯದಿಂದ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.