ಗೋಕಾಕದ ಗೊಂಬೆಗಳಿಗೆ ಹೊಸ ಬಣ್ಣ

"ಈ ಬಣ್ಣದ ವಾಸನಿ ಯಾವಾಗ ಹೋಗತೈತೋ ಏನೋ?"

ಭರಮವ್ವ ಯಾರನ್ನೂ ಕೇಳಿದ್ದಲ್ಲ. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಗಾಳಿಗೆ ಹೇಳಿದಂತೆ ಹೇಳಿದಳು. ಎದುರಿಗೆ ಚಾಪೆಯ ಮೇಲೆ ಮಗ ರಾವಸಾಹೇಬ ಗೋಕಾಕದ ಕಟ್ಟಿಗೆ ಗೊಂಬೆಗಳನ್ನು ಜೋಡಿಸುತ್ತಿದ್ದ. ಗಿಳಿ, ನವಿಲು, ಬುಟ್ಟಿ ಹೊತ್ತ ಹೆಣ್ಣು, ಪಟಕಾ ಸುತ್ತಿದ ಗೌಡ, ಆನೆ. ಎಲ್ಲವೂ ಫಳಫಳ ಹೊಳೆಯುತ್ತಿದ್ದವು.

ಹಳೆಯ ಗೊಂಬೆಗೆ ವರ್ಷ ಕಳೆದಂತೆ ಬೆಲೆ ಏರುತ್ತದೆಂದು ರಾವಸಾಹೇಬ ಮೊಬೈಲಿನಲ್ಲಿ ನೋಡಿದ್ದ. ಬ್ಯಾಂಕಿಗಿಂತ ಅದೇ ಲೇಸೆನಿಸಿತ್ತು. ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ರಜೆ ಸಿಕ್ಕಾಗೆಲ್ಲ ಬೆಲ್ಲದ ಬಾಗೇವಾಡಿಯಿಂದ ಮೋಟರ್ ಸೈಕಲ್ ಹತ್ತಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಓಣಿ ಓಣಿ ತಿರುಗಿದ. ಅಟ್ಟದ ಮೇಲೆ ಬಿದ್ದದ್ದನ್ನೆಲ್ಲ ಕೊಂಡು ತಂದ. ಪಗಾರ ಸಾಲದಾದಾಗ ಹೆಂಡತಿ ನಂದಾಳ ಬಂಗಾರದ ಬುಗಡಿ ಕೇಳಿದ. "ಗೊಂಬಿ ಮಾರಿದ ದಿನಾನ ಹೊಸಾವು ಮಾಡಸ್ತೀನಿ" ಅಂದಿದ್ದ. ಅವಳು ಬಿಚ್ಚಿ ಕೊಟ್ಟು, ಕಿವಿಯ ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು. ಅದು ಇನ್ನೂ ಅಲ್ಲೇ ಇತ್ತು.

ಇವತ್ತು ಕೊಳ್ಳುವವನು ಬರುವವನಿದ್ದ. ಕೊಲ್ಹಾಪುರದ ಕೇದಾರಿ, ಹಳೆಯ ಸಾಮಾನು ಕೊಂಡು ದೊಡ್ಡ ಊರುಗಳಿಗೆ ಕಳಿಸುವವನು. ಫೋಟೋ ನೋಡಿ ತಾನೇ ಬರುತ್ತೇನೆಂದಿದ್ದ. ಆ ಖುಷಿಯಲ್ಲಿ ರಾವಸಾಹೇಬ, ಟ್ರಾಕ್ಟರ್ ಟ್ರಾಲಿಗಳಿಗೆ ಬಣ್ಣ ಹಚ್ಚುವ ಅಣ್ಣಪ್ಪನನ್ನು ಕರೆಸಿದ. ಊರ ದೇವಿಗೂ ಹಬ್ಬದ ಮುಂದೆ ಬಣ್ಣ ಮಾಡಿಸುತ್ತಾರೆ. ಬಣ್ಣ ಉದುರಿದ ಗೊಂಬೆಯನ್ನು ಬಂದವರ ಮುಂದೆ ಹಾಗೇ ಇಡುವುದೆಂದರೆ ಅವನಿಗೆ ಮೈಲಿಗೆ ಬಟ್ಟೆಯಲ್ಲಿ ಬೀಗರನ್ನು ಕರೆದಂತೆ.

ಘಟಪ್ರಭಾ ಸ್ಟೇಷನ್ನಿನಿಂದ ಆಟೋದಲ್ಲಿ ಬಂದ ಕೇದಾರಿ ಕಾಲು ತೊಳೆದು ಕೂತ. ಗಿಳಿಯನ್ನೆತ್ತಿ ತಿರುಗಿಸಿದ. ಮೂಸಿದ.

"ಇದಕ್ಕ ಯಾವಾಗ ಬಣ್ಣಾ ಹಚ್ಚಸೀರಿ?"

"ಮೊನ್ನೀನ ಆತ್ರಿ. ಆಯಿಲ್ ಪೇಂಟ್. ಮಳ್ಯಾಗ ಇಟ್ಟರೂ ಏನೂ ಆಗೂದಿಲ್ಲ."

"ಎಲ್ಲಾಕ್ಕೂ?"

"ಒಂದೂ ಬಿಟ್ಟಿಲ್ರಿ."

ಕೇದಾರಿ ಗಿಳಿಯನ್ನು ನಿದ್ದೆ ಹೋದ ಕೂಸಿನಂತೆ ಮೆಲ್ಲಗೆ ಕೆಳಗಿಟ್ಟ. "ನನ್ನ ಗಿರಾಕಿ ಕೇಳೂದು ಆ ಹಳೇ ಬಣ್ಣಾನರಿ. ಅದು ಹೋತಂದ್ರ ಇವು ನಿನ್ನಿ ಮಾಡಿದ ಗೊಂಬಿ. ಹೊಸಾವು ಗೋಕಾಕ ಪ್ಯಾಟ್ಯಾಗ ಇದಕಿಂತಾ ಛಲೋ ಸಿಗತಾವು."

"ತಿಕ್ಕಿ ತಗದ್ರ?"

"ಕೆಳಗಿಂದೂ ಕಿತಗೊಂಡು ಬರತೈತಿ."

"ನಾ ಅವತ್ತ ಹೇಳಿದ್ನಿ," ಅಂದಳು ಭರಮವ್ವ. "ಅಣ್ಣಪ್ಪನ ಕೈ ಹತ್ತಿದ್ರ ಆನಿನೂ ಟ್ರಾಲಿ ಆಗತೈತಿ ಅಂತ. ಹಿಂದ ನಂಬರ್ ಬರಿಯೂದೊಂದು ಉಳದೈತಿ."

ನಂದಾ ಚಹಾ ತಂದಿಟ್ಟಳು. ರಾವಸಾಹೇಬ ಅವಳ ಮುಖದ ಕಡೆ ನೋಡಲಿಲ್ಲ.

ಚಹಾ ಕುಡಿದು ಕೈ ತೊಳೆಯಲು ಒಳಗೆ ಹೋದ ಕೇದಾರಿ ದೇವರ ಜಗಲಿಯ ಮುಂದೆ ನಿಂತುಬಿಟ್ಟ. ಹಿತ್ತಾಳೆ ತಾಟಿನಲ್ಲಿ ಮಾವು, ಸೀತಾಫಲ, ಪೇರಲ, ದಾಳಿಂಬೆ. ಕಟ್ಟಿಗೆಯವು.

"ಆಯಿ, ಇವು ಯಾವ ಕಾಲದ್ದು?" ಅಂದ, ಹಿಂದೆಯೇ ಎದ್ದು ಬಂದ ಭರಮವ್ವನಿಗೆ.

"ನನ್ನ ಮದುವ್ಯಾಗ ನಮ್ಮವ್ವ ಕೊಟ್ಟಿದ್ದು. ಹಣ್ಣ ತರಾಕ ಆಗದ ದಿನಾ ದೇವರ ಮುಂದ ಇವಾದ್ರೂ ಇರಲಿ ಅಂತ."

ಈಗ ನಂದಾ ದಿನಾ ಮುಂಜಾನೆ ಅವನ್ನು ಒರೆಸಿಡುತ್ತಿದ್ದಳು, ಬಾಯಲ್ಲಿ ದೇವರ ಪದ, ಕೈಯಲ್ಲಿ ಅರಿವೆ. ಒರೆಸಿ ಒರೆಸಿ ಆ ಬಣ್ಣ ಹಣ್ಣಿನೊಳಗಿನಿಂದಲೇ ಬಂದಂತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಇದೇ ಸೀತಾಫಲವನ್ನು ಬಿಡಿಸಲು ಹೋಗಿದ್ದಳೆಂದು ಓಣಿಯ ಹೆಂಗಸರು ಇನ್ನೂ ನಗುತ್ತಾರೆ.

ಕೇದಾರಿ ಕುಕ್ಕರಗಾಲಿನಲ್ಲಿ ಕೂತು, ಮುಟ್ಟದೆ ನೋಡಿ, ಬೆಲೆ ಹೇಳಿದ.

"ಬುಗಡಿ ಮಾಡಸಿದ ಮ್ಯಾಲೂ ರೊಕ್ಕಾ ಉಳೀತಾವು," ಅಂದ ರಾವಸಾಹೇಬ. "ಅವ್ವಾ, ಕೊಡೂಣು. ದಿನಾ ಖರೇ ಹಣ್ಣ ತಂದ ಇಡತೀನಿ."

ಭರಮವ್ವ ಸೊಸೆಯ ಕಿವಿಯನ್ನೇ ನೋಡಿದಳು. "ನಾ ಬ್ಯಾಡ ಅನ್ನಾಂಗಿಲ್ಲೋ ತಮ್ಮಾ. ಆಕಿ ಕಿವಿ ನೋಡಿ ಯಾವ ಬಾಯಲೆ ಅನ್ನಲಿ? ಆದರ ಜಗಲಿ ಈಗ ಆಕಿ ಕೈಯಾಗ ಐತಿ. ಆಕಿನ್ನ ಕೇಳು."

ರಾವಸಾಹೇಬ ಹೆಂಡತಿಯ ಕಡೆ ತಿರುಗಿದ. "ನಂದಾ, ನಿನ್ನ ಸಲುವಾಗೇನ ಕೇಳಾಕತ್ತೇನಿ. ಆ ತಾಟ ಕೊಡು."

ನಂದಾ ಚಹಾದ ಕಪ್ಪುಗಳನ್ನು ಕೆಳಗಿಟ್ಟಳು. ಸೆರಗು ತಲೆಯ ಮೇಲೆಳೆದುಕೊಂಡು ಕೇದಾರಿಗೂ ಜಗಲಿಗೂ ನಡುವೆ ಬಂದು ನಿಂತಳು.

"ಕೊಡೂದಿಲ್ರಿ" ಅಂದಳು.