ಸಭೆಗೆ ಕೇಳಿಸಿದ ದನಿ

ಹಲ್ಲಿನ ಸೆಟ್ಟು ಮಾಡುವ ಅವನಿಗೆ ಜನರ ಮುಖಕ್ಕಿಂತ ಬಾಯಿಯ ಗುರುತೇ ಹೆಚ್ಚು. ಪ್ರಾರ್ಥನಾ ಮಂದಿರಕ್ಕೆ ಬರುವವರಲ್ಲಿ ಅರ್ಧದಷ್ಟು ಜನರ ದವಡೆಯ ಅಚ್ಚು ಅವನ ಕೆಲಸದ ಕೋಣೆಯ ಕಪಾಟಿನಲ್ಲಿತ್ತು. ವಾರಕ್ಕೊಮ್ಮೆ ಎಲ್ಲರೂ ಎದ್ದು ನಿಂತು ‘ನಾವು ನಂಬುತ್ತೇವೆ’ ಎಂದು ಶುರುಮಾಡಿದರೆ ಅವನ ಕಿವಿಗೆ ಮೊದಲು ಬೀಳುತ್ತಿದ್ದದ್ದು ಸಡಿಲವಾದ ಸೆಟ್ಟುಗಳ ಕಟಕಟ.

ಆ ವಾರ ನಂಬಿಕೆಯ ಪಾಠಕ್ಕೆ ಹೊಸ ಸಾಲೊಂದು ಸೇರುವುದಿತ್ತು: ‘ಬಿಟ್ಟು ಹೋದವರು ನಮ್ಮವರಲ್ಲ, ನಮ್ಮ ಬಾಗಿಲು ಅವರಿಗೆ ತೆರೆಯುವುದಿಲ್ಲ.’ ಹೊಸ ಸಾಲನ್ನು ಸಭೆಯಿಡೀ ಒಂದೇ ದನಿಯಲ್ಲಿ ಹೇಳಬೇಕು, ಒಂದು ಬಾಯಿ ಮುಚ್ಚಿಕೊಂಡರೂ ಅದು ಬಿದ್ದುಹೋಗುತ್ತದೆ ಎಂಬುದು ಹಳೆಯ ಕಟ್ಟಳೆ.

ಬಿಟ್ಟು ಹೋದವರು ಎಂದರೆ ಸದ್ಯಕ್ಕೆ ಒಬ್ಬಳೇ, ಅವನ ತಂಗಿ. ‘ನಂಬಿಕೆ ಬರ್ತಿಲ್ಲ, ಸುಮ್ಮನೆ ಸುಳ್ಳು ಯಾಕೆ ಹೇಳ್ಲಿ’ ಎಂದು ಪಾಠದ ನಡುವೆಯೇ ಎದ್ದು ಹೋದವಳು. ಗಂಡ ಹಡಗಿನ ಕೆಲಸಕ್ಕೆ ಹೋಗಿದ್ದ. ತುಂಬು ಬಸುರಿಯಾದ ಅವಳು ಈಗ ಲಾಂಡ್ರಿಯ ಮೇಲಿನ ಒಂಟಿ ಕೋಣೆಯಲ್ಲಿದ್ದಳು. ಹೆರಿಗೆಗೆ ಮನೆಗೆ ಬರಲಾ ಅಣ್ಣ ಎಂದು ಕೇಳಿದ್ದಳು. ಬಾ ಎಂದಿದ್ದ.

ಬೆಳಿಗ್ಗೆ ಅಮ್ಮ ಕನ್ನಡಿಯ ಮುಂದೆ ಸೆಟ್ಟು ಕೂರಿಸಿಕೊಳ್ಳುತ್ತ, “ಸುಮ್ನೆ ತುಟಿ ಆಡಿಸು ಸಾಕು. ಅಷ್ಟು ಜನರ ಗದ್ದಲದಲ್ಲಿ ಯಾರಿಗೆ ಗೊತ್ತಾಗುತ್ತೆ?” ಎಂದಳು.

“ತುಟಿ ಆಡಿಸಿದ್ರೂ ಹೇಳಿದ ಹಾಗೇ ಅಲ್ವೇನಮ್ಮ?”

“ಹೋಗೋ. ನಿಮ್ಮಪ್ಪನ ಹಾಗೇ ನೀನೂ ಕೂದಲು ಸೀಳೋನು.”

ಮಂದಿರದಲ್ಲಿ ಹಳೆಯ ಸಾಲುಗಳೆಲ್ಲ ಎಂದಿನಂತೆ ಉರುಳಿಹೋದವು. ಪ್ರಾರ್ಥನೆ ನಡೆಸುವ ಹಿರಿಯ, ಹೊಸ ಸಾಲನ್ನು ಒಬ್ಬನೇ ಹೇಳಿಕೊಟ್ಟು, ಸಭೆಯತ್ತ ಕೈ ಎತ್ತಿದ.

ಸದ್ದೇ ಇಲ್ಲ.

ತುಟಿಗಳೇನೋ ಆಡುತ್ತಿದ್ದವು. ಗಾಜಿನ ತೊಟ್ಟಿಯ ಮೀನುಗಳ ಹಾಗೆ ಎಲ್ಲ ಬಾಯಿಗಳೂ ತೆರೆದು ಮುಚ್ಚುತ್ತಿದ್ದವು. ಒಬ್ಬೊಬ್ಬರೂ ಪಕ್ಕದವರ ಗಂಟಲನ್ನೇ ನೆಚ್ಚಿಕೊಂಡು ಬಂದಿದ್ದರು. ಬಾಯಿ ಮುಚ್ಚಿ ನಿಂತಿದ್ದ ಅವನ ಎದೆ ಹಗುರಾಯಿತು. ಸಾಲು ಬಿತ್ತು, ತಂಗಿಯ ಬಾಗಿಲು ಉಳಿಯಿತು ಎಂದುಕೊಂಡ.

ಹಿರಿಯ ಕೆಮ್ಮಿದ. “ಹಿಂದಿನವರಿಗೆ ಸರಿಯಾಗಿ ಕೇಳಿಸ್ಲಿಲ್ವೇನೋ. ಇನ್ನೊಂದು ಸಲ.”

ಸಿಕ್ಕಿಬಿದ್ದ ಜನ ಈಗ ಕಿರುಚಿದರು. ಗಂಟಲ ನರಗಳು ಉಬ್ಬಿದವು, ಎಂಜಲು ಹಾರಿತು. ಮುಂದಿನ ಸಾಲಿನವನೊಬ್ಬ ಜಾರುತ್ತಿದ್ದ ಸೆಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಕೂಗಿದ. ಎಲ್ಲರಿಗಿಂತ ಜೋರಾಗಿ ಅಮ್ಮನ ದನಿ ಕೇಳುತ್ತಿತ್ತು. ಅವನು ದವಡೆ ಬಿಗಿಹಿಡಿದೇ ನಿಂತ.

ಹೊರಗೆ ಬರುವಾಗ ಬೇಕರಿಯವಳು ಪಕ್ಕಕ್ಕೆ ಬಂದು, “ಮೊದಲ ಸಲ ನಾನು ಹೇಳ್ಲೇ ಇಲ್ಲ, ಗೊತ್ತಾ?” ಎಂದು ಪಿಸುಗುಟ್ಟಿದಳು, ಪುಣ್ಯ ಕಟ್ಟಿಕೊಂಡವಳ ಹಾಗೆ. ಬಾಗಿಲಲ್ಲಿ ಹಿರಿಯ ಅವನ ಕೈ ಹಿಡಿದುಕೊಂಡ. ಬೆಚ್ಚಗೆ ಬೆವೆತ ಕೈ.

“ಒಡಹುಟ್ಟಿದವಳ ವಿಷಯ. ಆದ್ರೂ ಗಟ್ಟಿ ಮನಸ್ಸು ಮಾಡ್ದೆ ಕಣಪ್ಪ. ನಿನ್ನ ದನಿ ಚೆನ್ನಾಗಿ ಕೇಳಿಸ್ತು.”

“ನಾನು ಬಾಯೇ ಬಿಡ್ಲಿಲ್ಲ.”

“ಕೇಳಿಸ್ತಲ್ಲ.”

“ಎರಡು ಸಲವೂ ಬಿಡ್ಲಿಲ್ಲ. ಕಟ್ಟಳೆ ಪ್ರಕಾರ ನಿಮ್ಮ ಸಾಲು ಬಿದ್ದುಹೋಯ್ತು.”

ಹಿರಿಯ ನಕ್ಕ. ಆ ಮೇಲ್ದವಡೆಯ ಹಲ್ಲುಗಳನ್ನು ಇವನೇ ಕೂತು ಉಜ್ಜಿ ಹೊಳಪು ಕೊಟ್ಟಿದ್ದ. “ಸಭೆಗೆ ಕೇಳಿಸಿದ ಮೇಲೆ ಮುಗೀತಪ್ಪ. ನೀನು ಹೇಳಿದ್ಯೋ ಬಿಟ್ಯೋ, ಅದನ್ನ ಯಾರು ಕೇಳಿದ್ರು?” ಎಂದು ಭುಜ ತಟ್ಟಿ ಮುಂದಿನವರ ಕೈ ಹಿಡಿದ. ಅವನು ಅಂಗೈಯನ್ನು ಅಂಗಿಗೆ ಎಷ್ಟು ಒರೆಸಿಕೊಂಡರೂ ಆ ಬಿಸಿ ಹೋಗಲಿಲ್ಲ.

ಮನೆಗೆ ಬಂದ ಅಮ್ಮ ಸೆಟ್ಟು ತೆಗೆದು ನೀರಿನ ಲೋಟಕ್ಕೆ ಹಾಕಿದಳು.

“ಮುಖ ಯಾಕೋ ಗಂಟು ಹಾಕ್ಕೊಂಡಿದ್ದೀಯ? ಬಾಯಿಮಾತು ತಾನೇ. ಅವಳು ಕತ್ತಲಾದ ಮೇಲೆ ಹಿಂಬಾಗಿಲಿಂದ ಬರ್ಲಿ. ಹಾಸಿಗೆ ಹಾಸಿಟ್ಟಿದ್ದೀನಿ.”

ಅವನು ಲೋಟದತ್ತ ನೋಡಿದ. ಕಿರುಚಿದ ಹಲ್ಲುಗಳು ನೀರಿನಲ್ಲಿ ಸುಮ್ಮನೆ ಕೂತಿದ್ದವು. ಅಮ್ಮ ಆ ಸಾಲನ್ನು ನಂಬಿ ಕೂಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಈ ಮೆತ್ತನೆಯ ಹಾಸಿಗೆಯ ಜೊತೆ ಏನೆಂದು ಜಗಳವಾಡುವುದು?

ಅವನು ಹಿತ್ತಲಿಗೆ ಹೋಗಿ ಹಿಂಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಬೀದಿಯಲ್ಲಿ ಸಭೆಯ ಜನ ಇನ್ನೂ ಗುಂಪು ಗುಂಪಾಗಿ ಹರಟುತ್ತಿದ್ದರು.

“ಎಲ್ಲಿಗೋ?” ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಕೇಳಿದಳು.

“ಅವಳನ್ನ ಕರ್ಕೊಂಡು ಬರೋಕೆ.”

“ಈಗಲಾ? ಎಲ್ಲರ ಎದುರಿಗಾ?”

ಅವನು ಮುಂಬಾಗಿಲಿನ ಎರಡು ರೆಕ್ಕೆಗಳನ್ನೂ ಗೋಡೆಗೆ ತಾಗುವವರೆಗೆ ತೆರೆದಿಟ್ಟು, ಹರಟುತ್ತಿದ್ದ ಬಾಯಿಗಳ ನಡುವೆ ಇಳಿದು ಲಾಂಡ್ರಿಯ ಕಡೆ ನಡೆದ.