ಸರ್ ಹ್ಯಾಂಗ ಅದಾರ?

ಶಾಂಭವಿ ಗಾಜಿನ ಸೀಸೆ ತೊಳೆಯುತ್ತಿದ್ದಾಗ ಅವಳ ಪಿಎಚ್‌ಡಿ ಗೈಡ್ ಡಾ. ದುರ್ಗೇಶ ಬಾಗಿಲಲ್ಲೇ ನಿಂತು ಹೇಳಿದರು: “ಪಿಎಚ್‌ಡಿಗೆ ಸೇರಾಕ ಲಕ್ಷ್ಮೇಶ್ವರದ ಹುಡುಗಿ ಬರ್ತಾಳ. ರ‍್ಯಾಂಕ್ ಬಂದಾಕಿ. ಹೊಸದಾಗಿ ಗೈಡ್ ಆಗಿ ಬಂದಾರಲ್ಲ, ಆ ಮೇಡಮ್ಮಾರ ಕಡೆ ಹೋಗಬಾರ್ದು. ನಮ್ಮ ಲ್ಯಾಬ್ ಚಲೋ ಐತಿ ಅಂತ ಹೇಳು. ನಿನ್ನ ಪ್ರಬಂಧಕ್ಕ ನನ್ನ ಸಹಿ ಬೇಕಲ್ಲ?”

ಬಿಂಕದಕಟ್ಟಿ ರಸ್ತೆಯ ಆ ಸಂಶೋಧನಾ ಕೇಂದ್ರದಲ್ಲಿ ಶಾಂಭವಿಗೆ ಇದು ಆರನೇ ವರ್ಷ. ಡಂಬಳದ ಸುತ್ತಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ಬಿಸಿಲಲ್ಲಿ ಅಲೆದು ಅಳೆದವಳು ಅವಳು. ಲೇಖನ ಅಚ್ಚಾದಾಗ ಮೊದಲ ಹೆಸರು ಸರ್ ಅವರ ಸೋದರಳಿಯನದು. ಕೇಳಿದ್ದಕ್ಕೆ ಎಲ್ಲರೆದುರು, “ನೀರು ಹೊತ್ತು ತಂದವರೆಲ್ಲ ವಿಜ್ಞಾನಿ ಆಗಂಗಿಲ್ಲ” ಎಂದಿದ್ದರು.

ಮಧ್ಯಾಹ್ನ ಲಕ್ಷ್ಮೇಶ್ವರದ ಆ ಹುಡುಗಿ, ನಿಶಾತ, ಬಂದಳು. “ಅಕ್ಕಾರ, ಮೇಡಮ್ಮಾರ ಕಡೆ ಮಶೀನೂ ಇಲ್ಲ. ಇವರ ಹೆಸರು ದೊಡ್ಡದು. ಖರೆ ಹೇಳ್ರಿ, ಸರ್ ಹ್ಯಾಂಗ ಅದಾರ?”

ಪಕ್ಕದಲ್ಲೇ ಸರ್ ಕೂತಿದ್ದ ಕೋಣೆಯ ಬಾಗಿಲು ತೆರೆದೇ ಇತ್ತು.

“ಚಲೋ ಅದಾರ,” ಎಂದಳು ಶಾಂಭವಿ.

ನಿಶಾತಳ ಮುಖ ಅರಳಿತು. ಅರ್ಜಿ ಬಿಡಿಸಿ, ಗೈಡ್ ಹೆಸರಿನ ಜಾಗದಲ್ಲಿ ಪೆನ್ನು ಇಟ್ಟಳು. ಶಾಂಭವಿ ತೊಳೆಯುತ್ತಿದ್ದ ಸೀಸೆ ಬದಿಗಿಟ್ಟಳು. ಒದ್ದೆ ಕೈಯನ್ನೇ ಹಾಳೆಯ ಮೇಲಿಟ್ಟಳು.

“ಬರೀಬ್ಯಾಡ. ನಾ ಸುಳ್ಳು ಹೇಳಿದೆ. ಇಲ್ಲಿ ದುಡಿತ ನಿಂದು, ಹೆಸರು ಇನ್ನೊಬ್ಬರದು.”

ದುರ್ಗೇಶ ಎದ್ದು ಬಂದರು. “ಎಂಥಾ ನಾಲಗಿ! ನಮ್ಮ ಗೈಡ್ ನನ್ನ ಹತ್ತು ವರ್ಷ ದುಡಿಸಿದ್ರು. ನಾ ಬಾಯಿ ಬಿಟ್ನೇನು? ಬಿಗಿ ಮಾಡಿದ್ದಕ್ಕ ನೀ ಇಷ್ಟರ ಕಲ್ತಿ.”

“ಕಲ್ತೀನ್ರಿ ಸರ್. ಆದ್ರ ಇಕಿ ಖರೆ ಕೇಳ್ಯಾಳ.”

“ಲ್ಯಾಬ್ ಕೀಲಿ ಇಡು. ನಿನ್ನ ಪ್ರಬಂಧ ಹ್ಯಾಂಗ ಮುಗೀತೈತಿ ನೋಡ್ತೀನಿ!”

ಶಾಂಭವಿ ಕೀಲಿಯನ್ನು ಮೇಜಿನ ಮೇಲಿಟ್ಟು ನಡೆದಳು. ನಿಶಾತ ಅರ್ಜಿ ಮಡಚಿಕೊಂಡು ಹಿಂದೆಯೇ ಹೊರಬಂದಳು.

ಶಾಂಭವಿಯ ಗೈಡ್ ಬದಲಾವಣೆಗೆ ಒಪ್ಪಲು ಸಮಿತಿ ಏಳು ತಿಂಗಳು ತೆಗೆದುಕೊಂಡಿತು. ಹಳೆಯ ಮಾದರಿ, ದಾಖಲೆ ಯಾವುದನ್ನೂ ದುರ್ಗೇಶ ಕೊಡಲಿಲ್ಲ. ಮೇಡಮ್ ಬಳಿ ಸೇರಿದ ಇಬ್ಬರೂ ಮೊದಲಿನಿಂದ ನೀರು ಸಂಗ್ರಹಿಸಲು ಡಂಬಳಕ್ಕೆ ಹೊರಟರು.

ಬೋರ್‌ವೆಲ್ ಬಳಿ ಕೊಡ ತುಂಬುತ್ತಿದ್ದ ಹುಚ್ಚವ್ವ ಶಾಂಭವಿಯನ್ನು ಗುರುತು ಹಿಡಿದಳು. “ಪ್ರತಿ ವರ್ಷ ಬಂದು ನೀರು ಒಯ್ತಿದ್ದಿ. ಅದರಾಗ ಏನೈತಿ ಅಂತ ಒಬ್ಬರೂ ಹೇಳಾಕ ಬರಲಿಲ್ಲಲ್ಲಬೇ?”

ಲೇಖನದಲ್ಲಿ ತನ್ನ ಹೆಸರು ಹಿಂದಾಯಿತೆಂದು ಅತ್ತ ಶಾಂಭವಿಗೆ, ಊರವರಿಗೆ ಹೇಳಬೇಕೆಂಬುದು ಒಮ್ಮೆಯೂ ನೆನಪಾಗಿರಲಿಲ್ಲ. ಚೀಲ ಕೆಳಗಿಟ್ಟು ಹುಚ್ಚವ್ವನ ಕೊಡ ಹಿಡಿದಳು.

“ತಪ್ಪಾತು, ಯವ್ವಾ. ಈ ನೀರಾಗ ಹಲ್ಲು, ಎಲುಬು ಕೆಡಿಸೋ ಫ್ಲೋರೈಡ್ ಭಾಳ ಐತಿ, ಕುಡೀಬ್ಯಾಡ್ರಿ. ಓಣಿಯವರನ್ನ ಕರೀರಿ, ಎಲ್ಲಾ ಹೇಳ್ತೀನಿ.”